‘ಮಾತ್’ ಬಾರದವರಿಗೆ ರಷ್ಯನ್ ಬರುವುದಿಲ್ಲವೇ?

ಎಂಬಿಬಿಎಸ್ ಓದಲು ರಷ್ಯಾಕ್ಕೆ ಹೋಗುವ ನಮ್ಮ ಹುಡುಗರಿಗೆ ಹಾಸ್ಟೆಲಿನಲ್ಲಿ ಬೇಗ ಹತ್ತುವ ಪಾಠವೆಂದರೆ ಬೈಗುಳ. ಕಲಿಸುವವರಿಗೂ ಅದೊಂದು ಮೋಜು. ಅದರ ಜತೆಗೆ ಒಂದಿಷ್ಟು ತಪ್ಪು ತಿಳಿವಳಿಕೆಯೂ ಅಂಟಿಕೊಳ್ಳುತ್ತದೆ.

ಬೀದಿಮಾತೆಲ್ಲ ಬೈಗುಳವೇ ಎಂಬುದು ಮೊದಲನೆಯದು. ‘ಕ್ರೂತ’, ‘ಪ್ರಿಕೋಲ್ನ’ ಎಂದರೆ ನಮ್ಮ ಹುಡುಗರ ‘ಮಸ್ತ್’, ‘ಸಖತ್’ ಇದ್ದ ಹಾಗೆ. ಫೋನ್ ಇಡುವಾಗ ‘ದವಾಯ್’ ಎನ್ನುತ್ತಾರೆ. ಇದ್ಯಾವುದನ್ನೂ ಯಾರೂ ಬೈಗುಳವೆಂದು ಎಣಿಸುವುದಿಲ್ಲ. ‘ಮಾತ್’ ಎಂದು ಕರೆಸಿಕೊಳ್ಳುವುದೇ ಬೇರೆ. ದೇಹ, ಸಂಭೋಗದ ಸುತ್ತಲಿನ ಮೂರ್ನಾಲ್ಕು ಮೂಲಪದಗಳು. ಅವಕ್ಕೆ ಹಿಂದೆ ಮುಂದೆ ಪ್ರತ್ಯಯ ಹಚ್ಚಿದರೆ ಹೊಡೆಯುವುದು, ಕದಿಯುವುದು, ಬೆರಗಾಗುವುದು ಎಲ್ಲಕ್ಕೂ ಕ್ರಿಯಾಪದ ಸಿದ್ಧ.

ಈ ಹೊಲಸನ್ನೆಲ್ಲ ಮಂಗೋಲ್-ತಾತಾರರು ತಂದರು ಎಂದು ರಷ್ಯನ್ನರಲ್ಲೇ ಅನೇಕರು ನಂಬುತ್ತಾರೆ. ಕೆಟ್ಟದ್ದನ್ನು ಪರರ ತಲೆಗೆ ಕಟ್ಟುವುದು ಎಲ್ಲ ಕಡೆ ಇದ್ದದ್ದೇ. ಆದರೆ ಮಂಗೋಲರು ದಂಡೆತ್ತಿ ಬಂದದ್ದು 1237ರಲ್ಲಿ. ಸ್ತಾರಯಾ ರೂಸಾ ಎಂಬ ಊರಿನ ನೆಲದಡಿ ಸಿಕ್ಕ ಬರ್ಚ್ ತೊಗಟೆಯ ಪತ್ರವೊಂದು 12ನೇ ಶತಮಾನದ್ದು, ಅಂದರೆ ನಮ್ಮ ವಚನಕಾರರ ಕಾಲದ್ದು. ವಿಷಯ ಹಣ ವಸೂಲಿ. ಕೊನೆಗೆ ಯಾಕೊವ್ ಎಂಬ ಅಣ್ಣಯ್ಯನಿಗೆ ಒಂದು ಪೋಲಿ ಸಾಲು. ಆ ಸಾಲಿನಲ್ಲಿರುವುದು ಇಂದಿಗೂ ಚಾಲ್ತಿಯಲ್ಲಿರುವ ಪದವೇ. ಅದರ ಬೇರು ಅಪ್ಪಟ ಸ್ಲಾವಿಕ್.

ತಮಾಷೆಯೆಂದರೆ, 15ನೇ ಶತಮಾನದಲ್ಲಿ ನಮ್ಮ ಬೀದರಿಗೆ ಬಂದಿದ್ದ ರಷ್ಯನ್ ವ್ಯಾಪಾರಿ ಅಫನಾಸಿ ನಿಕಿತಿನ್ ತನ್ನ ಪ್ರವಾಸದ ಬರಹದಲ್ಲಿ ಹೆಣ್ಣುಗಳ ಬೆಲೆಯಂಥ ನಾಚಿಕೆಯ ಸಂಗತಿ ಬಂದಾಗ ರಷ್ಯನ್ ಬಿಟ್ಟು ತಾತಾರರದ್ದೇ ಬಳಗದ ತುರ್ಕಿ ಬೆರೆತ ಭಾಷೆಗೆ ಹೊರಳುತ್ತಾನೆ. ತಾತಾರರ ನುಡಿ ಅವನಿಗೆ ಒದಗಿದ್ದು ಕೊಳಕು ಹೇಳಲಲ್ಲ, ಮುಚ್ಚಿಡಲು!

ಅಲ್ಲಿ ಎಲ್ಲರೂ ಬೈಯುತ್ತಾರೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ ಎಂಬ ಮಾತು ಅರ್ಧ ಮಾತ್ರ ನಿಜ. ಗ್ಯಾರೇಜಿನಲ್ಲಿ, ಸೈನ್ಯದ ಬ್ಯಾರಕ್ಕಿನಲ್ಲಿ ನಡೆಯುತ್ತದೆ. ಸಾರ್ವಜನಿಕವಾಗಿ ಆಡಿದರೆ ಕಾನೂನು ಅದನ್ನು ‘ಸಣ್ಣ ಪುಂಡಾಟ’ ಎಂದು ಬಗೆಯಬಹುದು: 500ರಿಂದ 1000 ರೂಬಲ್ ದಂಡ, ಇಲ್ಲವೇ 15 ದಿನದವರೆಗೆ ಲಾಕಪ್. 2014ರ ಜುಲೈ 1ರಿಂದ ಸಿನಿಮಾ, ನಾಟಕಗಳಲ್ಲೂ ಮಾತ್ ನಿಷಿದ್ಧ. ನಿರ್ದೇಶಕ ಜ್ವ್ಯಾಗಿಂತ್ಸೆವ್ ಅವರ ‘ಲೆವಿಯಾಥನ್’ ಸಿನಿಮಾ ಅಲ್ಲಿನ ಚಿತ್ರಮಂದಿರಗಳಿಗೆ ಬಂದಾಗ ಬೈಗುಳಗಳ ದನಿ ಅಡಗಿಸಿದ್ದರು. ಅಂಥ ಪುಸ್ತಕ ಮಾರಬಹುದು, ಆದರೆ ಪ್ಲಾಸ್ಟಿಕ್ ಹೊದಿಕೆ ಮತ್ತು ಎಚ್ಚರಿಕೆಯ ಚೀಟಿ ಬೇಕು.

ಪ್ರಾಣಿಯ ಹೆಸರು ಹಿಡಿದು ಬೈದರೆ ಹಗುರ ಎಂದುಕೊಳ್ಳುವುದೇ ನನಗೆ ಇವೆಲ್ಲಕ್ಕಿಂತ ಅಪಾಯಕಾರಿ ಅನ್ನಿಸುತ್ತದೆ. ನಿಜಕ್ಕೂ ಹಗುರವಾದದ್ದೆಂದರೆ ‘ಬ್ಲಿನ್’, ಅಂದರೆ ದೋಸೆಯಂಥ ತಿಂಡಿ; ಮೊದಲಕ್ಷರಗಳ ಸಾಮ್ಯದಿಂದಾಗಿ ಕೆಟ್ಟ ಪದವೊಂದರ ಬದಲಿಗೆ ಮನೆಮಂದಿಯೆಲ್ಲ ಬಳಸುತ್ತಾರೆ, ಅದು ನಿರಪಾಯ. ಆದರೆ ‘ಕಜ್ಯೋಲ್’ ಅಂದರೆ ಹೋತ, ‘ಪೆತೂಖ್’ ಅಂದರೆ ಹುಂಜ. ನಿಷಿದ್ಧ ಮಾತ್ ಪದಗಳಲ್ಲಿ ಇವೆರಡೂ ಇಲ್ಲ. ಜೈಲಿನ ಪರಿಭಾಷೆಯಲ್ಲಿ ಮಾತ್ರ ಹೋತನೆಂದರೆ ಅಧಿಕಾರಿಗಳ ಚೇಲಾ, ಹುಂಜನೆಂದರೆ ಕೈದಿಗಳಲ್ಲೇ ಅತ್ಯಂತ ಕೆಳಗೆ ತುಳಿಯಲ್ಪಟ್ಟವನು. ಜೈಲು ಕಂಡು ಬಂದವರ ಮುಂದೆ ಇವು ಬಾಯಿಂದ ಬಿದ್ದರೆ ಹೊಡೆದಾಟವೇ.

ಇನ್ನು ಬೈಗುಳದ ಪಟ್ಟಿ ಬಾಯಿಪಾಠ ಮಾಡುವವರು ‘ತಿ’ ಮತ್ತು ‘ವೀ’ ಬಗ್ಗೆ ತಲೆ ಕೆಡಿಸಿಕೊಳ್ಳುವುದೇ ಇಲ್ಲ. ನಮ್ಮ ನೀನು, ನೀವು ಇದ್ದ ಹಾಗೆಯೇ ಅವು. ಒಂದೂ ಕೆಟ್ಟ ಪದವಾಡದೆ ಜಗಳ ಕಾಯಬೇಕೆಂದರೆ, ದಾಖಲೆ ಕೇಳಿದ ಪೊಲೀಸನನ್ನು ‘ತಿ’ ಎಂದು ಮಾತಾಡಿಸಿದರೆ ಸಾಕು.