ಪ್ರಶ್ನೆಗೂ ಪರೀಕ್ಷೆ

ಜನ ಊಟ ಮಾಡೋ ರೀತಿ ಅಳೆಯಲು 1986ರಲ್ಲಿ ನೆದರ್‌ಲ್ಯಾಂಡ್ಸ್ ದೇಶದ ತಜ್ಞರು 33 ಪ್ರಶ್ನೆ ಮಾಡಿದರು. ಬೇಜಾರಾದಾಗ ತಿನ್ನುವುದು, ಕಣ್ಣಿಗೆ ಕಂಡಾಗ ತಿನ್ನುವುದು, ದಪ್ಪ ಆದೇವೆಂದು ಬಿಡುವುದು. ಹೀಗೆ ಮೂರು ರೀತಿ.

ಅದನ್ನೇ ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆ ಕೇಳೋಣ. "ಅಕ್ಕಾ, ಬೇಕಂತಲೇ ಕಡಿಮೆ ಉಣ್ತೀರೇನು?" "ಹೌದ್ರಿ" ಅಂತಾಳೆ ಅಕ್ಕ. ದಪ್ಪ ಆಗೋ ಭಯ ಅವಳಿಗೆಲ್ಲಿ? ಎಲ್ಲರೂ ಉಂಡ ಮೇಲೆ ಬುಟ್ಟಿಯಲ್ಲಿ ಉಳಿದದ್ದು ಒಂದೇ ರೊಟ್ಟಿ! 2019-21ರ ಸರಕಾರಿ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ 100 ಹೆಂಗಸರಲ್ಲಿ ಸುಮಾರು 48 ಮಂದಿಗೆ ರಕ್ತ ಕಡಿಮೆ ಇತ್ತು.

ಅದಕ್ಕೇ ಪ್ರಶ್ನೆಗೂ ಪರೀಕ್ಷೆ ಬೇಕು. ಮೊದಲು ಕೆಲವರಿಗೆ ಓದಿ ಹೇಳಿ, "ಏನು ತಿಳೀತು?" ಅಂತ ಕೇಳಬೇಕು. ಎರಡು ವಾರ ಬಿಟ್ಟು ಅವರನ್ನೇ ಮತ್ತೆ ಕೇಳಬೇಕು. ಉತ್ತರ ಪೂರಾ ಬದಲಾದರೆ ಪ್ರಶ್ನೆ ತಿದ್ದಬೇಕು. "ಯಾರು ಉಂಡ ಮೇಲೆ ಉಣ್ತೀರಿ?" ಅಂತಲೂ ಸೇರಿಸಬೇಕು.