ಆತ್ಮರಕ್ಷಣೆಯೂ ಮರಣದಂಡನೆಯೂ

ಘೋರವಾದ ಕೊಲೆಯೊಂದರ ಸುದ್ದಿ ವಾರ್ತೆಯಲ್ಲಿ ಬಂದಾಗ, “ಅಂಥವನನ್ನು ಗಲ್ಲಿಗೆ ಹಾಕಬೇಕು” ಎಂಬ ಮಾತು ಮನೆಮನೆಯಲ್ಲೂ ಏಳುವುದುಂಟು. ಯಾರಾದರೂ ಅನುಮಾನಪಟ್ಟರೆ, “ಅವನು ನಿನ್ನ ಮೇಲೇ ಕತ್ತಿ ಎತ್ತಿ ಬಂದಿದ್ದರೆ ಸುಮ್ಮನಿರುತ್ತಿದ್ದೆಯಾ?” ಎಂಬ ಪ್ರಶ್ನೆ ಅವರ ಬಾಯಿ ಕಟ್ಟಿಸುತ್ತದೆ. ಆದರೆ ಈ ಪ್ರಶ್ನೆಯಲ್ಲಿ ಎರಡು ಬೇರೆಬೇರೆ ಸಂಗತಿಗಳು ಬೆರೆತುಹೋಗಿವೆ. ಅವನ್ನು ಬಿಡಿಸಿ ನೋಡುವುದು ಒಳ್ಳೆಯದು.

ಮೊದಲು ಆತ್ಮರಕ್ಷಣೆಯನ್ನು ತೆಗೆದುಕೊಳ್ಳೋಣ. ಕೊಲ್ಲಲು, ಬೆಂಕಿಯಿಡಲು, ವಿಷವಿಕ್ಕಲು ಉದ್ಯುಕ್ತನಾದವನನ್ನು ನಮ್ಮ ಧರ್ಮಶಾಸ್ತ್ರಗಳು ‘ಆತತಾಯಿ’ ಎಂದು ಕರೆಯುತ್ತವೆ. ಆತತಾಯಿಯನ್ನು ಕೊಂದರೆ ದೋಷವಿಲ್ಲವೆಂಬುದು ಮನುಸ್ಮೃತಿಯ ಮತ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದು ಬಸವಕಲ್ಯಾಣವೆನಿಸಿರುವ ಕಲ್ಯಾಣದಲ್ಲಿ ‘ಮಿತಾಕ್ಷರಾ’ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಈ ಮಾತನ್ನು ಇನ್ನಷ್ಟು ಸೂಕ್ಷ್ಮವಾಗಿ ತೂಗಿದನು. ಬ್ರಾಹ್ಮಣರೇ ಮೊದಲಾದ ಆತತಾಯಿಗಳ ವಿಷಯವನ್ನು ಚರ್ಚಿಸುತ್ತ ಅವನು ಕೊಡುವ ನಿರ್ಣಯವಿದು: ಕೊಲ್ಲುವ ಸಂಕಲ್ಪವಿಲ್ಲದೆ, ತನ್ನ ರಕ್ಷಣೆಗಾಗಿ ತಡೆಯುವಾಗ ಅವರು ಅಕಸ್ಮಾತ್ತಾಗಿ ಸತ್ತರೆ ರಾಜದಂಡವಿಲ್ಲ, ಲಘುವಾದ ಪ್ರಾಯಶ್ಚಿತ್ತವುಂಟು. ರಾಜದಂಡವಿಲ್ಲದಿದ್ದರೂ ಪ್ರಾಯಶ್ಚಿತ್ತ ಉಳಿದುದನ್ನು ಗಮನಿಸಿ. ಹೋದದ್ದು ಒಂದು ಜೀವ ಎಂಬುದನ್ನು ಶಾಸ್ತ್ರಕಾರನು ಮರೆಯಲಿಲ್ಲ.

ಇಂದಿನ ಕಾನೂನೂ ಇದೇ ಜಾಡಿನಲ್ಲಿದೆ. 1860ರ ಭಾರತೀಯ ದಂಡಸಂಹಿತೆಯಲ್ಲಿದ್ದ ನಿಯಮಗಳೇ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಮುಂದುವರಿದಿವೆ. ದೇಹರಕ್ಷಣೆಯ ಹಕ್ಕು ಅಪಾಯದ ಸಕಾರಣ ಭೀತಿಯೊಡನೆ ಹುಟ್ಟುತ್ತದೆ. ಆ ಭೀತಿ ಇರುವವರೆಗೆ ಮಾತ್ರ ಬದುಕಿರುತ್ತದೆ. ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚಿನ ಪೆಟ್ಟು ಸಲ್ಲದು. ನಡುರಾತ್ರಿ ಮಚ್ಚು ಹಿಡಿದು ಮೇಲೆ ಬಿದ್ದವನಿಗೆ ಮನೆಯಾಕೆ ಒನಕೆಯಿಂದ ಹೊಡೆದಳೆನ್ನಿ. ಆತ ಸತ್ತರೂ ಆಕೆ ಅಪರಾಧಿಯಲ್ಲ. ಆದರೆ ಮಚ್ಚು ಕೈಜಾರಿ, ನೆರೆಯವರು ಬಂದು ಅವನನ್ನು ಕಂಬಕ್ಕೆ ಕಟ್ಟಿದ ಮೇಲೆ ಅದೇ ಒನಕೆಯಿಂದ ಹೊಡೆದು ಕೊಂದರೆ? ಕೈ ಅದೇ, ಒನಕೆ ಅದೇ. ಅಪಾಯ ಮಾತ್ರ ಕಳೆದುಹೋಗಿದೆ. ಅದು ರಕ್ಷಣೆಯಲ್ಲ, ಕೊಲೆ.

ಈಗ ಗಲ್ಲಿನ ವಿಚಾರಕ್ಕೆ ಬರೋಣ. ಬೆಳಗಾವಿಯ ಹಿಂಡಲಗಾ ಕಾರಾಗೃಹದಂಥ ಕಡೆ ಸೆರೆಯಲ್ಲಿರುವ ಕೈದಿ ಆ ಕಂಬಕ್ಕೆ ಕಟ್ಟಿದವನಂತೆಯೇ. ಆದ್ದರಿಂದ ಆತ್ಮರಕ್ಷಣೆಯ ವಾದ ಇಲ್ಲಿ ನಿಲ್ಲುವುದಿಲ್ಲ. ಗಲ್ಲು ಬೇಕೆನ್ನುವವರು ಬೇರೆ ಕಾರಣಗಳನ್ನು ಹೇಳಬೇಕು, ಹೇಳಿಯೂ ಇದ್ದಾರೆ. ಮಹಾಭಾರತದ ಶಾಂತಿಪರ್ವದಲ್ಲಿ ದ್ಯುಮತ್ಸೇನನಿಗೂ ಅವನ ಮಗ ಸತ್ಯವಾನನಿಗೂ ಇದೇ ವಿಷಯದಲ್ಲಿ ಸಂವಾದ ನಡೆಯುತ್ತದೆ. ದುಷ್ಟರನ್ನು ಕೊಲ್ಲದಿದ್ದರೆ ಲೋಕವ್ಯವಹಾರವೇ ಕೆಡುತ್ತದೆ. ಹಿಂದೆ ಧಿಕ್ಕಾರವೇ ಸಾಕಾಗಿತ್ತು, ಈಗ ವಧೆಯೇ ಬೇಕಾಗಿದೆ ಎಂಬುದು ತಂದೆಯ ವಾದ. ಒಬ್ಬನನ್ನು ಕೊಂದರೆ ಅವನ ತಾಯಿತಂದೆ, ಹೆಂಡತಿ, ಮಕ್ಕಳನ್ನೂ ಕೊಂದಂತೆ. ಕೆಟ್ಟವನೂ ಒಮ್ಮೊಮ್ಮೆ ಒಳ್ಳೆಯವನಾಗುವುದುಂಟು ಎಂಬುದು ಮಗನ ವಾದ. ಎರಡರಲ್ಲೂ ತೂಕವಿದೆ. ಕೊಲೆಯಾದವನ ಮನೆಯವರ ಕಣ್ಣೀರಿಗೆ ಬೆಲೆಯೇ ಇಲ್ಲವೇ ಎಂದು ಕೇಳುವವರನ್ನೂ ತಳ್ಳಿಹಾಕುವಂತಿಲ್ಲ.

ನಮ್ಮ ದೇಶದ ಕಾನೂನು ಮೆಲ್ಲಮೆಲ್ಲನೆ ಮಗನ ಕಡೆಗೆ ವಾಲಿದೆ. 1955ರ ತಿದ್ದುಪಡಿಗೆ ಮುಂಚೆ, ಕೊಲೆಗಾರನಿಗೆ ಮರಣದಂಡನೆ ಕೊಡದಿದ್ದರೆ ಅದಕ್ಕೆ ನ್ಯಾಯಾಧೀಶರು ಕಾರಣ ಬರೆಯಬೇಕಾಗಿತ್ತು. 1973ರ ಸಂಹಿತೆ ಇದನ್ನು ತಿರುವುಮುರುವು ಮಾಡಿತು: ಮರಣದಂಡನೆ ಕೊಟ್ಟರೇ ವಿಶೇಷ ಕಾರಣ ಹೇಳಬೇಕು. 1980ರಲ್ಲಿ ಬಚ್ಚನ್ ಸಿಂಗ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಮರಣದಂಡನೆ ಸಂವಿಧಾನಬದ್ಧವೇ ಎಂದೂ, ಆದರೆ ಅಪರೂಪದಲ್ಲಿ ಅಪರೂಪವಾದ ಪ್ರಕರಣಗಳಿಗೆ ಮಾತ್ರ ಸಲ್ಲತಕ್ಕದ್ದೆಂದೂ ತೀರ್ಪು ಕೊಟ್ಟಿತು. ಐವರು ನ್ಯಾಯಮೂರ್ತಿಗಳಲ್ಲಿ ಪಿ. ಎನ್. ಭಗವತಿಯವರೊಬ್ಬರು ಭಿನ್ನಮತ ತಳೆದರು. ಜೀವಾವಧಿ ಸೆರೆವಾಸಕ್ಕಿಂತ ಹೆಚ್ಚಾಗಿ ಗಲ್ಲು ಅಪರಾಧವನ್ನು ತಡೆಯುವುದಿಲ್ಲವೆಂದು 2015ರಲ್ಲಿ ಕಾನೂನು ಆಯೋಗ ಅಭಿಪ್ರಾಯಪಟ್ಟಿತು. ಭಯೋತ್ಪಾದನೆ ಮತ್ತು ದೇಶದ ವಿರುದ್ಧ ಯುದ್ಧ ಹೂಡುವ ಅಪರಾಧಗಳ ಹೊರತು ಉಳಿದವಕ್ಕೆ ಮರಣದಂಡನೆ ಬೇಡವೆಂದು ಶಿಫಾರಸು ಮಾಡಿತು. ಶಿಕ್ಷೆ ಮಾತ್ರ ಇನ್ನೂ ಕಾನೂನಿನಲ್ಲಿದೆ.

ಆ ಮನೆಯಾಕೆ ಕತ್ತಲಲ್ಲಿ ತಪ್ಪೆಣಿಸಿದ್ದರೆ ನಾವು ಮನ್ನಿಸುತ್ತೇವೆ. ಅವಳಿಗಿದ್ದುದು ಒಂದು ಕ್ಷಣ, ಯೋಚಿಸಲು ಎಡೆಯೆಲ್ಲಿತ್ತು? ಸರ್ಕಾರಕ್ಕಾದರೋ ವರ್ಷಗಳ ಕಾಲಾವಕಾಶವಿದೆ, ಗೋಡೆಗಳಿವೆ, ಬೀಗಗಳಿವೆ. ಆದುದರಿಂದ ಆಕೆಗೆ ಸಿಗುವ ಕ್ಷಮೆ ಅದಕ್ಕೆ ಸಿಗಲಾರದು. ಸಾಕ್ಷಿ ಸುಳ್ಳಾಗಿತ್ತೆಂದು ಮುಂದೊಂದು ದಿನ ತಿಳಿದರೆ, ಸೆರೆಯಲ್ಲಿರುವವನನ್ನು ಬಿಡಬಹುದು. ಗಲ್ಲಿಗೇರಿದವನನ್ನು ಇಳಿಸಿ ಬದುಕಿಸಲಾಗದು. ಮರಣದಂಡನೆ ಬೇಕೆನ್ನುವವರಾಗಲಿ ಬೇಡವೆನ್ನುವವರಾಗಲಿ, ನೀವು ಮೊದಲು ಉತ್ತರ ಹುಡುಕಬೇಕಾದುದು ಈ ಪ್ರಶ್ನೆಗೆ: ಅಪಾಯ ಕಳೆದ ಮೇಲೂ ಒಂದು ಜೀವವನ್ನು ತೆಗೆಯಲು ಎಷ್ಟು ದೊಡ್ಡ ಕಾರಣ ಬೇಕು?