ಹಾಸಿಗೆ ಹಿಡಿದ ಗಂಡ, ಗುಳೆ ಹೊರಟ ಹೆಂಡತಿ

ಈಚೆಗೆ ಸಂಘದ ಕಛೇರಿಗೆ ಬರುವ ಸದಸ್ಯ ಬಾಂಧವರು ಕುಳಿತ ಕೂಡಲೇ ಆಳಿನ ಮಾತನ್ನೇ ಎತ್ತುತ್ತಾರೆ. ಧಾರಣೆ, ಕೊಳೆರೋಗ, ಕಾಂಡಕೊರಕ ಇವೆಲ್ಲ ಕಾಫಿ ಕುಡಿದಾದ ಮೇಲಿನ ವಿಷಯಗಳು. ಹಣ್ಣು ಕುಯ್ಯಲು ಬಂದ ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆಯ ಹೆಣ್ಣಾಳುಗಳು ಎರಡು ವಾರ ಚೆನ್ನಾಗಿಯೇ ದುಡಿದು, ಮೂರನೆಯ ವಾರ ಹೇಳದೆ ಕೇಳದೆ ಊರಿಗೆ ಹೊರಟುಬಿಟ್ಟರು, ಮುಂಗಡ ಮುಳುಗಿತು ಎಂಬುದು ಸಾಮಾನ್ಯ ದೂರು. ಜನವರಿಯಲ್ಲಿ ಹೋದವರು ಗವಿಮಠದ ಜಾತ್ರೆಗೆ ಹೋದರೆಂದು ನಾವೇ ತೀರ್ಮಾನಿಸಿಬಿಡುತ್ತೇವೆ. ಆ ಜಾತ್ರೆ ಸರಿಯಾಗಿ ನಮ್ಮ ಕುಯ್ಲಿನ ನಡುವೆ ಬರುವುದೂ ನಿಜವೇ. ಆದರೆ ಮೇಸ್ತ್ರಿಗಳನ್ನು ಸ್ವಲ್ಪ ಕೆದಕಿ ಕೇಳಿದರೆ ಬೇರೆ ಕಾರಣಗಳೂ ಹೊರಬೀಳುತ್ತವೆ. ಅವುಗಳಲ್ಲೊಂದು, ಊರಿನಲ್ಲಿ ಎದ್ದು ಕೂರಲಾಗದೆ ಮಲಗಿರುವ ಗಂಡ.

ನಮ್ಮ ಬೆಳೆಗಾರರಲ್ಲಿ ಹಲವರು ಆ ಸೀಮೆಯನ್ನು ಕಂಡವರಲ್ಲ. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾದಾಗ ಅದಕ್ಕಿದ್ದ ತಾಲ್ಲೂಕುಗಳು ನಾಲ್ಕು: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ತುಂಗಭದ್ರೆಯ ಎಡದಂಡೆ ಕಾಲುವೆ ಹರಿಯುವ ಗಂಗಾವತಿ ಭತ್ತದ ಕಣಜ. ಕುಷ್ಟಗಿ, ಯಲಬುರ್ಗಾಗಳದ್ದು ಬಹುಮಟ್ಟಿಗೆ ಸಜ್ಜೆ, ಜೋಳ, ಕಡಲೆಗಳ ಮಳೆಯಾಶ್ರಿತ ಬೇಸಾಯ. ಸುಗ್ಗಿ ಮುಗಿದರೆ ಗುಳೆ. ಗಂಡಸರು ಕಟ್ಟಡ ಕೆಲಸಕ್ಕೆ ಬೆಂಗಳೂರು, ಮಂಗಳೂರುಗಳಿಗೆ ಹೋಗುತ್ತಾರೆ. ಸಾರುವೆಯಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡವರು ಮರಳಿ ಊರಿಗೆ ಬರುತ್ತಾರೆ. ಆಮೇಲೆ ಗುಳೆ ಹೊರಡುವ ಸರದಿ ಹೆಂಡತಿಯದು.

ಸೊಂಟದ ಕೆಳಗೆ ಸ್ಪರ್ಶವಿಲ್ಲದ ರೋಗಿಯ ಆರೈಕೆಯೆಂದರೇನು ಎಂಬುದನ್ನು ಕಂಡವರೇ ಬಲ್ಲರು. ಪ್ರತಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಬದಲಿಸದಿದ್ದರೆ ಸೊಂಟ, ಹಿಮ್ಮಡಿ, ಬೆನ್ನುಗಳಲ್ಲಿ ಚರ್ಮ ಸತ್ತು ಹಾಸಿಗೆ ಹುಣ್ಣಾಗುತ್ತದೆ. ನೋವೇ ತಿಳಿಯದ ಮೈಯಲ್ಲಿ ಹುಣ್ಣು ಮೂಳೆಯವರೆಗೆ ಇಳಿದ ಮೇಲೆಯೇ ಗೊತ್ತಾಗುವುದೂ ಉಂಟು. ನಂಜು ರಕ್ತಕ್ಕೇರಿದರೆ ಜೀವವೇ ಹೋಗುತ್ತದೆ. ಮೂತ್ರದ ನಳಿಕೆಯ ಶುಚಿ, ಮಲವಿಸರ್ಜನೆ, ಸ್ನಾನ ಎಲ್ಲವೂ ಇನ್ನೊಬ್ಬರ ಕೈಯಲ್ಲೇ. ನಮ್ಮ ತೋಟದ ಹಾಜರಿ ಎಂಟು ಗಂಟೆಯದು. ಅಂದರೆ ಒಂದು ದಿನದ ಕೂಲಿಗಾಗಿ ನಾಲ್ಕು ಮಗ್ಗುಲು ತಪ್ಪುತ್ತವೆ. ದುಡಿಮೆಗೂ ಆರೈಕೆಗೂ ನಡುವಿನ ಜಗಳವನ್ನು ಇದಕ್ಕಿಂತ ಸ್ಪಷ್ಟವಾಗಿ ನಾನು ಹೇಳಲಾರೆ.

ಸರ್ಕಾರದ ಮಾಸಾಶನವಿದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಇದೆ. ಶೇ. 40ರಿಂದ 75ರೊಳಗಿನ ಅಂಗವೈಕಲ್ಯಕ್ಕೆ 2021ರ ಜುಲೈನಲ್ಲಿ 600 ರೂ.ಗಳಿಂದ 800 ರೂ.ಗಳಿಗೆ ಏರಿಸಲಾಯಿತು. ಶೇ. 75ಕ್ಕೆ ಮೇಲ್ಪಟ್ಟವರಿಗೆ 1,400 ರೂ. ಇದರ ಜೊತೆಗೆ 2023ರ ಆಗಸ್ಟ್ 30ರಂದು ಆರಂಭವಾದ ಗೃಹಲಕ್ಷ್ಮಿಯ 2,000 ರೂ. ಅದು ಪಡಿತರ ಚೀಟಿಯಲ್ಲಿ ಯಜಮಾನಿಯೆಂದು ಹೆಸರಿರುವವರಿಗೆ ಸಲ್ಲುತ್ತದೆ. ಅತ್ತೆಯ ಹೆಸರಿದ್ದರೆ ಅತ್ತೆಗೇ ಹೋಗುತ್ತದೆ. ಎರಡೂ ಕೈಸೇರಿದರೆ ತಿಂಗಳಿಗೆ 3,400 ರೂ. ಗಂಡನ ಔಷಧಿ, ನಳಿಕೆ, ಬಟ್ಟೆಗಳ ಖರ್ಚು ಕಳೆದು ಮಕ್ಕಳಿರುವ ಮನೆ ಇದರಲ್ಲಿ ನಡೆಯುವುದಿಲ್ಲವೆಂಬುದನ್ನು ಲೆಕ್ಕ ಬಲ್ಲ ನಮ್ಮ ಸದಸ್ಯರಿಗೆ ಬಿಡಿಸಿ ಹೇಳಬೇಕಿಲ್ಲ. ಆದ್ದರಿಂದ ಆಕೆ ದುಡಿಯಲೇಬೇಕು.

ದುಡಿದರೇನಾಗುತ್ತದೆ ಎಂಬುದೇ ಈ ಲೇಖನದ ಮುಖ್ಯ ವಿಷಯ. ಈ ಮಾಸಾಶನಕ್ಕೆ ಕುಟುಂಬದ ವಾರ್ಷಿಕ ಆದಾಯದ ಮಿತಿ 32,000 ರೂ. ದಿನಗೂಲಿ 450 ರೂ. ಎಂದಿಟ್ಟುಕೊಳ್ಳೋಣ. 71 ದಿನ ದುಡಿದರೆ 31,950 ಆಯಿತು. 72ನೆಯ ದಿನ ಬುಟ್ಟಿ ಕಟ್ಟಿಕೊಂಡು ಗಿಡದ ಬುಡಕ್ಕೆ ಹೋದರೆ ಕಾಗದದ ಮೇಲೆ ಆಕೆಯ ಗಂಡ ಮಾಸಾಶನಕ್ಕೆ ಅನರ್ಹ. ಅರೇಬಿಕಾದ ಒಂದು ಕುಯ್ಲಿಗೆ ಸರಿಸುಮಾರು ಅಷ್ಟೇ ದಿನಗಳು ಬೇಕು. ರೋಬಸ್ಟಾಕ್ಕೂ ನಿಂತರೆ ಮುಗಿದೇ ಹೋಯಿತು. ನಮ್ಮ ಕೂಲಿಯ ಮಾತು ಬಿಡಿ, 2025–26ರಲ್ಲಿ ಕರ್ನಾಟಕದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 370 ರೂ. ಇತ್ತು. ಕಾನೂನು ಕೊಟ್ಟಿದ್ದ 100 ದಿನಗಳನ್ನು ಪೂರ್ತಿ ಮಾಡಿದರೆ 37,000 ರೂ. ಸರ್ಕಾರವೇ ಒಂದು ಕೈಯಲ್ಲಿ ಕೊಟ್ಟ ಕೆಲಸ, ಸರ್ಕಾರವೇ ಇನ್ನೊಂದು ಕೈಯಲ್ಲಿ ಹಾಕಿದ ಗೆರೆಯನ್ನು ದಾಟಿಸಿಬಿಡುತ್ತಿತ್ತು! ಪಡಿತರದ ಬಿ.ಪಿ.ಎಲ್. ಚೀಟಿಗೆ ಮಿತಿ 1,20,000 ರೂ. ಇರುವಾಗ ಅಂಗವಿಕಲರ ಮಾಸಾಶನಕ್ಕೆ ಮಾತ್ರ 32,000 ಏಕೆ ಎಂಬುದಕ್ಕೆ ನನಗಂತೂ ನ್ಯಾಯ ಕಾಣುವುದಿಲ್ಲ. ಬಟವಾಡೆಯನ್ನು ಬ್ಯಾಂಕಿಗೆ ಹಾಕಬೇಡಿ, ಕೈಗೆ ಕೊಡಿ ಎಂದು ಕೆಲವು ಹೆಣ್ಣಾಳುಗಳು ಅಂಗಲಾಚುವುದನ್ನು ಸದಸ್ಯರು ಕಂಡಿರಬಹುದು. ಅದರ ಹಿಂದೆ ಕುಡುಕ ಗಂಡನೇ ಇರಬೇಕೆಂದೇನಿಲ್ಲ, ಈ ಭಯವೂ ಇದ್ದೀತು.

ಆರೈಕೆ ಮಾಡುವವರಿಗೆಂದೇ ಏನಾದರೂ ಇದೆಯೇ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ‘ಆರೈಕೆದಾರ’ ಎಂಬ ಪದಕ್ಕೆ ಅರ್ಥ ಹೇಳುವಾಗ ಕೂಲಿ ಪಡೆಯದೆ ನೋಡಿಕೊಳ್ಳುವ ಮನೆಯವರನ್ನೂ ಸೇರಿಸಿದೆ. ಹೆಚ್ಚಿನ ನೆರವು ಬೇಕಾದವರ ಆರೈಕೆಗೆ ಭತ್ಯೆ ಕೊಡುವ ಯೋಜನೆ ಮಾಡಬೇಕೆಂದೂ ಹೇಳಿದೆ, ‘ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ’ ಎಂಬ ಬಾಲಂಗೋಚಿ ಸಹಿತ. ನಮ್ಮ ರಾಜ್ಯದ 2024–25ರ ಮುಂಗಡಪತ್ರದಲ್ಲಿ ಆರೈಕೆದಾರರಿಗೆ ತಿಂಗಳಿಗೆ 1,000 ರೂ. ಘೋಷಿಸಲಾಯಿತು. ಆದರೆ ಅದು ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಈ ನಾಲ್ಕಕ್ಕೆ. ಸಾರುವೆಯಿಂದಲೋ ಅಡಿಕೆ ಮರದಿಂದಲೋ ಬಿದ್ದು ಬೆನ್ನು ಮುರಿದವನ ಹೆಂಡತಿ ಈ ಪಟ್ಟಿಯಲ್ಲಿ ಬರಲಿಲ್ಲ. ಅಂಗವಿಕಲರನ್ನು ಮದುವೆಯಾದರೆ ಸರ್ಕಾರ 50,000 ರೂ. ಪ್ರೋತ್ಸಾಹಧನ ಕೊಡುತ್ತದೆ. ಮದುವೆಯಾದ ಮೇಲೆ ಅಂಗವಿಕಲನಾದವನನ್ನು ಬಿಟ್ಟುಹೋಗದೆ ಉಳಿದವಳಿಗೆ ಇಂಥದೊಂದು ಲೆಕ್ಕವಿಲ್ಲ.

ಇದು ನಮ್ಮ ದೇಶದ ದಾರಿದ್ರ್ಯವೊಂದರ ಫಲವೆಂದು ಭಾವಿಸಬೇಕಾಗಿಲ್ಲ. ಶ್ರೀಮಂತ ಬ್ರಿಟನ್ 1976ರಲ್ಲಿ ಆರೈಕೆದಾರರಿಗೆ ಭತ್ಯೆ ತಂದಾಗ ಮದುವೆಯಾದ ಹೆಂಗಸರನ್ನು ಹೊರಗಿಟ್ಟಿತು, ಅವರು ಹೇಗೂ ಮನೆಯಲ್ಲೇ ಇರುವವರೆಂಬ ವಾದದಿಂದ. ಜಾಕ್ವೆಲಿನ್ ಡ್ರೇಕ್ ಎಂಬಾಕೆ ಹೂಡಿದ ವ್ಯಾಜ್ಯ ಯುರೋಪಿನ ನ್ಯಾಯಾಲಯದವರೆಗೆ ಹೋಗಿ, 1986ರಲ್ಲಿ ಅದು ಸರಿಹೋಯಿತು. ಅಲ್ಲಿಯೂ ದುಡಿಮೆಗೆ ಮಿತಿಯಿದೆ. ವಾರದ ಗಳಿಕೆ ಮಿತಿಯನ್ನು ಒಂದು ಪೌಂಡು ದಾಟಿದರೂ ಆ ವಾರದ ಭತ್ಯೆಯೆಲ್ಲ ಹೋಗುತ್ತದೆ.

ಇನ್ನು ಕೊಪ್ಪಳದ ಕಡೆಯ ಹೆಂಗಸರು ಇದನ್ನು ಹೇಗೆ ನಿಭಾಯಿಸುತ್ತಾರೆಂಬುದನ್ನು ನೋಡಬೇಕು, ಏಕೆಂದರೆ ನಮಗೆ ಕಲಿಯುವುದು ಅಲ್ಲಿದೆ. ಕೊಪ್ಪಳ ಪಟ್ಟಣಕ್ಕೆ ಹೊಂದಿಕೊಂಡಿರುವ ಭಾಗ್ಯನಗರ ತಲೆಗೂದಲಿನ ಉದ್ಯಮಕ್ಕೆ ಹೆಸರಾದ ಊರು. ಗಂಟುಗಂಟಾದ ಕೂದಲನ್ನು ಬಿಡಿಸಿ ವಿಂಗಡಿಸುವ ಕೆಲಸವನ್ನು ಹೆಂಗಸರು ಮನೆಗೆ ತಂದುಕೊಂಡು ಮಾಡುತ್ತಾರೆ. ಕುಷ್ಟಗಿ ತಾಲ್ಲೂಕಿನ ದೋಟಿಹಾಳ, ಹನುಮಸಾಗರಗಳಲ್ಲಿ ಇಳಕಲ್ ಸೀರೆಯ ಮಗ್ಗಗಳಿವೆ. ಕಾಲಿಲ್ಲದವನು ಕುಣಿಮಗ್ಗ ತುಳಿಯಲಾರ, ಆದರೆ ಹೆಂಡತಿ ಮನೆಯಲ್ಲೇ ಕಂಡಿಕೆ ಸುತ್ತಬಲ್ಲಳು, ಕೂರುವ ಶಕ್ತಿಯಿದ್ದರೆ ಅವನೂ ಸುತ್ತಬಲ್ಲ. ಇಂಥ ಕೆಲಸಕ್ಕೆ ಕೂಲಿ ಕಡಿಮೆ. ಆದರೂ ಬೇಕಾದಾಗ ಎದ್ದುಹೋಗಬಹುದು. ಗಂಗಾವತಿಯ ಭತ್ತದ ನಾಟಿಯಲ್ಲಿ ಕೂಲಿ ಹೆಚ್ಚು, ಆದರೆ ಅದು ಗುಂಪು ಗುತ್ತಿಗೆ. ನಡುವೆ ಮನೆಗೆ ಓಡುವವಳನ್ನು ಗುಂಪು ಎಷ್ಟು ದಿನ ಸಹಿಸೀತು?

ನಮ್ಮ ತೋಟದ ಕೆಲಸಗಳನ್ನೂ ಹೀಗೆಯೇ ಎರಡಾಗಿ ವಿಂಗಡಿಸಿ ನೋಡಬಹುದು. ಹಣ್ಣಾದ ಕಾಫಿ ಕಾಯುವುದಿಲ್ಲ, ಹಸಿ ಅಡಿಕೆ ಸುಲಿತವೂ ಕಾಯುವುದಿಲ್ಲ, ಅಂದಿನದು ಅಂದೇ ಬೇಯಬೇಕು. ಆದರೆ ಚಾಲಿ ಸುಲಿತ ಕಾಯುತ್ತದೆ. ಮೆಣಸು ಬಿಡಿಸುವುದು, ನರ್ಸರಿ ಚೀಲಕ್ಕೆ ಮಣ್ಣು ತುಂಬುವುದು, ಕಾಫಿ ಆರಿಸುವುದು ಇವೂ ಕಾಯುತ್ತವೆ. ಗಂಡನನ್ನು ಕರೆತಂದು ಲೈನಿನಲ್ಲಿ ಮಲಗಿಸಿಕೊಂಡಿರುವವಳಿಗೆ ಕಾಯುವ ಕೆಲಸವನ್ನು ಮೀಸಲಿಡಿ. ಕುಯ್ಲಿಗೇ ಬೇಕೆಂದರೆ ಲೈನಿಗೆ ಹತ್ತಿರದ ಪಟ್ಟೆ ಕೊಡಿ, ಹಾಜರಿ ಬಿಟ್ಟು ಕಿಲೋ ಲೆಕ್ಕ ಹಾಕಿ. ಎರಡು ಗಂಟೆಗೊಮ್ಮೆ ಹೋಗಿಬಂದರೆ ನಮಗೇನೂ ನಷ್ಟವಿಲ್ಲ. ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೈ ಗಟ್ಟಿಯಿರುವ ಅಂಗವಿಕಲನೂ ಕೂರಬಹುದು, ಅವನಿಗೂ ಅದೇ ದರ ಕೊಡತಕ್ಕದ್ದು.

ಗಂಡನನ್ನು ಊರಲ್ಲೇ ಬಿಟ್ಟು ಬರುವವರ ಸಮಸ್ಯೆ ಬೇರೆ. ಅಂಗವಿಕಲರ ರಿಯಾಯಿತಿ ಬಸ್ ಪಾಸು ಊರಿನಿಂದ 100 ಕಿ.ಮೀ.ವರೆಗೆ ಮಾತ್ರ, ಘಟ್ಟಕ್ಕೆ ಅದು ತಲುಪಿಸದು. ಕುಷ್ಟಗಿ ಕಡೆಯ ಒಬ್ಬ ಹೆಣ್ಣುಮಗಳು ಮುಂಗಡ ಬೇಡವೆಂದಾಗ ಕಾರಣ ಕೇಳಿದೆ. “ಮೂರ್ ತಿಂಗ್ಳಾ ಬಿಟ್ಟಿರಾಕ ಆಗಂಗಿಲ್ರೀ ಸಾವ್ಕಾರ್ರ. ಹದಿನೈದ್ ದಿನಾ ಅಂದ್ರ ನಮ್ಮ ನೆಗೆಣ್ಣಿ ನೋಡ್ಕೊಂತಾಳ” ಎಂದಳು. ನೆಗೆಣ್ಣಿಯೂ ಕುಯ್ಲು ಬಲ್ಲವಳೇ. ಹಾಗಾದರೆ ಒಬ್ಬಳಿಗೆ ಮೂರು ತಿಂಗಳ ಬದಲು, ಒಂದೇ ಮನೆಯ ಇಬ್ಬರಿಗೆ ಹದಿನೈದು ದಿನಗಳ ಸರದಿ ಕೊಡಬಾರದೇಕೆ? 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸು ಉಚಿತವಾದ್ದರಿಂದ ಓಡಾಟದ ಖರ್ಚಿಲ್ಲ. ಮೇಸ್ತ್ರಿಗಳು ಲೆಕ್ಕ ಗೋಜಲಾಗುತ್ತದೆಂದು ಗೊಣಗುತ್ತಾರೆ. ಬಿಡುವಿಲ್ಲದ ಎರಡು ತಿಂಗಳಲ್ಲಿ ಹೇಳದೆ ಹೋಗುವ ಆಳಿಗಿಂತ, ಹೇಳಿ ಹೋಗಿ ಬದಲಿ ಕಳಿಸುವ ಆಳು ಲೇಸು. ಈ ಇಬ್ಬರ ಗಳಿಕೆ ಎರಡು ಪಡಿತರ ಚೀಟಿಗೆ ಹಂಚಿಹೋಗುವುದೂ ಒಂದು ಅನುಕೂಲ, ಅದು ಕಾನೂನಿಗೆ ಹೊರತಾದುದಲ್ಲ.

ಕೊಪ್ಪಳದಲ್ಲಿ ಈ ವಿಷಯ ಮಠದ ಅಂಗಳಕ್ಕೂ ಬಂದಿದೆ. 2025ರ ಗವಿಮಠದ ಜಾತ್ರೆ ವಿಕಲಚೇತನರ ಬದುಕನ್ನೇ ಜಾಗೃತಿಯ ವಿಷಯವಾಗಿ ಎತ್ತಿಕೊಂಡಿತ್ತು. ನಾವು ಮಾಡಬಹುದಾದುದು ಸಣ್ಣದು: ಆದಾಯದ ಮಿತಿಯನ್ನು ಬಿ.ಪಿ.ಎಲ್. ಮಿತಿಗೆ ಸರಿಗಟ್ಟಬೇಕು, ಆರೈಕೆ ಭತ್ಯೆಯ ಪಟ್ಟಿಗೆ ಬೆನ್ನುಹುರಿಯ ಪೆಟ್ಟನ್ನು ಸೇರಿಸಬೇಕು ಎಂಬ ನಿರ್ಣಯವನ್ನು ಬರುವ ವಾರ್ಷಿಕ ಮಹಾಸಭೆಯಲ್ಲಿ ಮಂಡಿಸಲಿದ್ದೇನೆ. ಇದು ಆಳುಗಳ ಮನೆಯ ಮಾತು ಮಾತ್ರವೆಂದು ಯಾರೂ ಎದ್ದು ಹೋಗಬಾರದಾಗಿ ವಿನಂತಿ. ಕೊನೆ ಕೊಯ್ಯುವಾಗ ಮರದಿಂದ ಬಿದ್ದವರಲ್ಲಿ ಕೊನೆಗಾರರೂ ಇದ್ದಾರೆ, ಎರಡೆಕರೆಯ ಯಜಮಾನರೂ ಇದ್ದಾರೆ. ಕಾರ್ಬನ್ ಫೈಬರ್ ದೋಟಿ ಬಂದ ಮೇಲೂ ಮರ ಹತ್ತುವುದು ಪೂರ್ತಿ ನಿಂತಿಲ್ಲ.

ಅಲ್ಲಿಯವರೆಗೆ ಆಗಬೇಕಾದ ಕಾಗದದ ಕೆಲಸಗಳು ಕೆಲವಿವೆ. ಅಂಗವಿಕಲರ ಗುರುತಿನ ಚೀಟಿಯಾದ ಯು.ಡಿ.ಐ.ಡಿ. ಕಾರ್ಡು ಇಲ್ಲದೆ ಯಾವ ಸೌಲಭ್ಯದ ಬಾಗಿಲೂ ಸುಲಭವಾಗಿ ತೆರೆಯದು. ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೆಂದು ಇರುತ್ತಾರೆ, ಅರ್ಜಿ ಬರೆಸುವುದು ಅವರ ಕೆಲಸವೇ. ಪಂಚಾಯಿತಿಯ ಶೇ. 5ರ ಅಂಗವಿಕಲರ ನಿಧಿಯನ್ನೂ ಅವರಲ್ಲೇ ವಿಚಾರಿಸಬಹುದು. ಕಟ್ಟಡ ಕೆಲಸಕ್ಕೆ ಹೋಗುವ ಗಂಡಸರು ವರ್ಷದಲ್ಲಿ 90 ದಿನ ದುಡಿದಿದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು, ಪೆಟ್ಟಾದರೆ ಅಲ್ಲಿ ಬೇರೆಯೇ ನೆರವಿದೆ. ನಮ್ಮ ತೋಟಗಳಿಗೆ ಬರುವ ಪ್ರತಿಯೊಬ್ಬರಿಗೂ, ಹಾಗೆಯೇ 18ರಿಂದ 70 ವಯಸ್ಸಿನ ಸದಸ್ಯರಿಗೂ, ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಇದೆ. ವರ್ಷಕ್ಕೆ 20 ರೂ. ಕಂತು. ಅಪಘಾತದಲ್ಲಿ ಸತ್ತರೆ, ಅಥವಾ ಎರಡೂ ಕಾಲು ಇಲ್ಲವೆ ಎರಡೂ ಕೈಗಳ ಸ್ವಾಧೀನ ಮರಳಿ ಬಾರದಂತೆ ಹೋದರೆ, 2 ಲಕ್ಷ ರೂ. ವಿಮೆಯ ವರ್ಷ ಜೂನ್ 1ರಿಂದ ಮೇ 31ರವರೆಗೆ. ಆಳುಗಳು ಅದಕ್ಕೆ ಮೊದಲೇ ಊರಿಗೆ ಹೊರಟಿರುತ್ತಾರಾದ್ದರಿಂದ, ಕೊನೆಯ ಬಟವಾಡೆಯ ದಿನ ಖಾತೆಯಲ್ಲಿ 20 ರೂ. ಉಳಿಸಿಕೊಂಡು ಹೋಗುವಂತೆ ತಿಳಿಸಿರಿ. ಅರ್ಜಿ ನಮೂನೆಗಳು ಸಂಘದ ಕಛೇರಿಯಲ್ಲಿ ದೊರೆಯುತ್ತವೆ.